ಗೊತ್ತಿದ್ದೇ ಕೊಂಡ ಖೋಟಾ ರೂಪಾಯಿ

ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಒಂದು ಖೋಟಾ ಬೆಳ್ಳಿ ರೂಪಾಯಿ ಇದೆ. ಅದಕ್ಕೆ ನಾನು ಕೊಟ್ಟದ್ದು ಎರಡೂವರೆ ಸಾವಿರ. ಪಾಪ, ಮೋಸ ಹೋದ ಎಂದುಕೊಳ್ಳಬೇಡಿ. ಖೋಟಾ ಎಂದು ಚೆನ್ನಾಗಿ ಗೊತ್ತಿದ್ದೇ ಕೊಟ್ಟೆ. ಹಳೆಯ ನಾಣ್ಯ ಕೂಡಿಡುವವರಲ್ಲಿ ಖೋಟಾ ಮಾಲಿಗೆ ಬಿದ್ದವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅದನ್ನು ತೂಗಿ, ಬಾರಿಸಿ, ಖೋಟಾ ಎಂದು ತೀರ್ಪು ಕೊಟ್ಟು, ಆಮೇಲೆ ಚೌಕಾಸಿ ಮಾಡಿ ಕೊಂಡವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ನಾಣ್ಯದ ವಿಷಯ ನನಗೆ ಯಾರೂ ಪಾಠ ಹೇಳಿಕೊಟ್ಟದ್ದಲ್ಲ. ಈಗ ಹಲಸೂರಿನಲ್ಲಿ ನನಗೆ ಸ್ವಂತ ಪಾತ್ರೆ ಅಂಗಡಿಯಿದೆ. ಹಿಂದೆ ಮರ್ಫಿ ಟೌನಿನ ಗಲ್ಲಿಗಳಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು, ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಿದ್ದವನು ನಾನು. ಕೆಲವು ಮನೆಗಳಲ್ಲಿ ಬಟ್ಟೆ ಸಾಲದಿದ್ದರೆ ಸಾಸಿವೆ ಡಬ್ಬಿಯ ತಳದಿಂದ ಒಂದೆರಡು ಹಳೇ ಕಾಸು ತಂದು ಕೊಡುತ್ತಿದ್ದರು. ಹಾಗೆ ಹತ್ತಿದ ಹುಚ್ಚು ಇದು. ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಗಟ್ಟಿಯೋ ತೆಳುವೋ ಹೇಳುವ ಕಿವಿ ನನ್ನದು. ಬೆಳ್ಳಿಗೂ ಅದೇ ಕಿವಿ ಸಾಕು. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿದರೆ, ಒಳ್ಳೆಯ ಬೆಳ್ಳಿ ದೇವರ ಮನೆಯ ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಖೋಟಾ ಆದರೆ ‘ಟಕ್’ ಎಂದು ಬಾಯಿ ಮುಚ್ಚಿಕೊಳ್ಳುತ್ತದೆ.

ಈಗ ನನ್ನ ಭಾಮೈದನ ಕಥೆಗೆ ಬರುತ್ತೇನೆ. ನನ್ನ ಹೆಂಡತಿ ಶಾಂತಳ ತಮ್ಮ ನಾಗರಾಜ ಟಿನ್ ಫ್ಯಾಕ್ಟರಿ ಹತ್ತಿರ ಜ್ಯೂಸ್ ಅಂಗಡಿ ಹಾಕಬೇಕೆಂದು ಹೊಟ್ಟೆ ಬಟ್ಟೆ ಕಟ್ಟಿ ಅಡ್ವಾನ್ಸ್ ಹಣ ಹೊಂದಿಸಿದ್ದ. ಅಷ್ಟರಲ್ಲಿ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿದ. ಮೂವತ್ತೊಂಬತ್ತನೇ ಇಸವಿಯ ಬೆಳ್ಳಿ ರೂಪಾಯಿ ಇದ್ದವನು ಕುಬೇರ ಎಂದು ಅದರಲ್ಲಿ ಹೇಳಿದ್ದರಂತೆ. ಆ ಇಸವಿಯ ರೂಪಾಯಿ ಅಪರೂಪ ಎನ್ನುವುದು ನಿಜ, ಅದಕ್ಕೆ ಲಕ್ಷಗಳಲ್ಲೇ ಮಾತು. ಅಂಥದ್ದು ಶಿವಾಜಿನಗರದ ಫುಟ್‌ಪಾತಿನಲ್ಲಿ ಅರವತ್ತು ಸಾವಿರಕ್ಕೆ ಇದೆ ಎಂದು ಅವನು ಕುಣಿದುಕೊಂಡು ಬಂದ. “ಭಾವ, ನೀವು ಬಂದು ಒಂದ್ಸಲ ನೋಡ್ಬಿಡಿ ಸಾಕು. ಇವತ್ತು ಬಿಟ್ರೆ ಹೋಯ್ತು!” ಜೇಬಿನ ಮೇಲಿಟ್ಟ ಕೈಯನ್ನು ಅವನು ತೆಗೆಯಲೇ ಇಲ್ಲ. ಅಂಗಡಿಯ ಅಡ್ವಾನ್ಸ್ ಅಲ್ಲಿತ್ತು.

ಭಾನುವಾರ ಬೆಳಿಗ್ಗೆ ಹೋದೆವು. ಮಾರುವವನು ನೀಲಿ ಟಾರ್ಪಾಲಿನ ಮೇಲೆ ಹಿತ್ತಾಳೆ ಬೀಗ, ಹಳೇ ಕ್ಯಾಮೆರಾಗಳ ನಡುವೆ ಕುಳಿತಿದ್ದ. “ದಂಡಿನ ಆಫೀಸರ್ ಬಂಗ್ಲೆ ಒಡೆಯೋವಾಗ ಗೋಡೇಲಿ ಸಿಕ್ಕಿದ್ದು ಸಾರ್, ನಾನೇ ಕಣ್ಣಾರೆ ನೋಡಿದೀನಿ” ಎಂದ. ಖೋಟಾ ನಾಣ್ಯಗಳೆಲ್ಲ ಬಂಗಲೆಯ ಗೋಡೆಯಲ್ಲೇ ಯಾಕೆ ಹುಟ್ಟುತ್ತವೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಜೇಬಿನ ತಕ್ಕಡಿ ತೆಗೆದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಎಂದರೆ ಸರಿಯಾಗಿ ಒಂದು ತೊಲ, ಇದು ಅಷ್ಟು ತೂಗಲಿಲ್ಲ. ಲೆನ್ಸ್ ಹಿಡಿದರೆ ನಾಣ್ಯದ ಮೇಲಿನ ರಾಜನ ಕೆನ್ನೆಯಲ್ಲಿ ಸಿಡುಬಿನ ಕಲೆಯಂಥ ಸಣ್ಣ ಸಣ್ಣ ಗುಳಿ. ಟಂಕಸಾಲೆಯಲ್ಲಿ ಒತ್ತಿದ ನಾಣ್ಯಕ್ಕೆ ಹಾಗಿರುವುದಿಲ್ಲ, ಅಚ್ಚಿಗೆ ಲೋಹ ಸುರಿದು ಮಾಡಿದ್ದಕ್ಕೆ ಇರುತ್ತದೆ. ಅಂಚಿನ ಗೆರೆಗಳ ನಡುವೆ ಸುತ್ತಲೂ ಬೆಸುಗೆಯಂತೆ ಒಂದು ಗುರುತು. ತಟ್ಟಿದೆ. ‘ಟಕ್.’

ನಾಗರಾಜನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವನು ನನ್ನ ಮುಖವನ್ನೇ ನೋಡಿ, “ಭಾವ, ಬೇಜಾರ್ ಮಾಡ್ಕೋಬೇಡಿ. ನಾನು ಬೇಡ ಅಂದ್ಮೇಲೆ ನೀವು ಸಂಜೆ ಬಂದು ತಗೊಳಲ್ಲ ತಾನೆ?” ಎಂದ. ಇವನಿಗೆ ತೂಕ, ಗುಳಿ, ಸದ್ದು ಯಾವುದೂ ಸಾಕ್ಷಿಯಲ್ಲ ಎಂದು ಗೊತ್ತಾದ ಮೇಲೆ ನನ್ನ ಕೊನೆಯ ಪರೀಕ್ಷೆಯನ್ನು ಹೊರತೆಗೆದೆ. ಅದು ಬೆಲೆಯ ಪರೀಕ್ಷೆ. ಅಸಲಿ ಮಾಲು ಇಟ್ಟುಕೊಂಡವನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ, ಬೈದು ಓಡಿಸುತ್ತಾನೆ. ಖೋಟಾ ಇಟ್ಟುಕೊಂಡವನು ಜಾರುಬಂಡೆಯ ಮೇಲೆ ಕೂತ ಹಾಗೆ ಜಾರುತ್ತಾ ಬರುತ್ತಾನೆ.

“ನೋಡ್ತಾ ಇರು” ಎಂದು ಹೇಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತೆ. “ಎರಡೂವರೆ ಸಾವಿರ. ಕೊಡ್ತೀಯೇನಪ್ಪ?” ಅವನು ಆಕಾಶ ನೋಡಿದ, ನಾಣ್ಯ ನೋಡಿದ, ಕತ್ತು ಕೆರೆದುಕೊಂಡ. “ಬೋಣಿ ಟೈಮು... ಆಯ್ತು, ತಗೊಳಿ ಸಾರ್.”

ನಾಗರಾಜನ ಕೈ ಜೇಬಿನ ಮೇಲಿಂದ ತಾನಾಗಿಯೇ ಕೆಳಗಿಳಿಯಿತು. ಅರವತ್ತರಿಂದ ಎರಡೂವರೆಗೆ ಒಂದೇ ಉಸಿರಿನಲ್ಲಿ ಇಳಿದ ಮಾಲು ಎಂಥದ್ದೆಂದು ಅವನಿಗೆ ಹೊಳೆದಿತ್ತು. ನಾನು ಹೆಮ್ಮೆಯಿಂದ ಎದ್ದು ಪ್ಯಾಂಟು ಕೊಡವಿಕೊಂಡು ಹೊರಟೆ.

“ಎದ್ರೆ ಹೆಂಗೆ ಸಾರ್? ದುಡ್ಡು?”

“ಇದು ಖೋಟಾ ಕಣಯ್ಯ!”

“ಇರ್ಲಿ. ತೂಕ ಹಾಕಿದ್ರಿ, ಬಾರಿಸಿದ್ರಿ, ಲೆನ್ಸ್ ಇಟ್ರಿ. ನಾನು ಬೇಡ ಅಂದ್ನಾ? ಎಲ್ಲಾ ನೋಡ್ಕೊಂಡೇ ತಾನೆ ರೇಟ್ ಹೇಳಿದ್ದು?” ಆಮೇಲೆ ದನಿ ತಗ್ಗಿಸಿ, “ಹಲಸೂರಲ್ಲಿ ಪಾತ್ರೆ ಅಂಗ್ಡಿ ನಿಮ್ದೇ ಅಲ್ವಾ? ನಮ್ಮನೆಯವ್ಳು ಕುಕ್ಕರ್‌ಗೆ ತಾನೇ ಒಂದು ರೇಟ್ ಹೇಳಿ, ನೀವು ಒಪ್ಪಿದ್ಮೇಲೆ ಬೇಡ ಅಂತ ಹೊರಟ್ಲು. ಅಷ್ಟೂ ಜನರ ಮುಂದೆ ಬೋರ್ಡ್ ತೋರ್ಸಿ ಬೈದ್ರಲ್ಲ ಸಾರ್, ಮರೆತ್ರಾ?”

ನನ್ನ ಅಂಗಡಿಯಲ್ಲಿ ಬೋರ್ಡು ಇರುವುದು ನಿಜ. ‘ನೀವು ಕೇಳಿದ ಬೆಲೆಗೆ ನಾವು ಒಪ್ಪಿದರೆ ತೆಗೆದುಕೊಳ್ಳಲೇಬೇಕು.’ ನನ್ನ ಕೈಬರಹವೇ. ಪಕ್ಕದಲ್ಲಿ ವಾಚು ಮಾರುತ್ತಿದ್ದ ಸಾಹೇಬರು ತಲೆಯೆತ್ತದೆಯೇ, “ಜಬಾನ್ ದಿಯೇ ನಾ ಸೇಟ್, ಮಾತು ಕೊಟ್ರಲ್ಲ, ಮಾತು ಅಂದ್ರೆ ಮಾತು” ಎಂದರು. ಬೀದಿಯಲ್ಲಿ ನಿಂತು ವ್ಯಾಪಾರ ಕಲಿತವನು ನಾನು, ಆ ಕಟ್ಟಳೆಯನ್ನು ಮುರಿಯಲಾರೆ. ನೋಟು ತೆಗೆದೆ.

ನಾಗರಾಜನ ಜ್ಯೂಸ್ ಅಂಗಡಿ ಈಗ ಚೆನ್ನಾಗಿ ನಡೆಯುತ್ತಿದೆ. ನನಗೆ ಮೋಸಂಬಿ ಜ್ಯೂಸಿನ ಜೊತೆ ಸ್ಟೂಲು ಒರೆಸಿ ಕೊಡುತ್ತಾನೆ. ಒಂದು ಅಂಗಡಿಯನ್ನು ಎರಡೂವರೆ ಸಾವಿರಕ್ಕೆ ಉಳಿಸಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಅದರಲ್ಲಿ ಸುಳ್ಳೇನೂ ಇಲ್ಲ. ಶಾಂತಳಿಗೂ ಹೇಳಿದೆ. ತಮ್ಮನ ದುಡ್ಡು ಉಳಿದದ್ದಕ್ಕೆ ಕಣ್ಣು ತುಂಬಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: “ಅಲ್ಲಾ ರೀ, ಖೋಟಾ ಅಂತ ಗೊತ್ತಿತ್ತಲ್ಲ, ಇನ್ನೂರು ರೂಪಾಯಿಗೆ ಕೇಳೋದಲ್ವಾ?” ಮರುದಿನ ಬೆಳಗಾಗುತ್ತಲೇ ನಾಣ್ಯವನ್ನು ಅಂಗಡಿಗೆ ಒಯ್ದು ಗಲ್ಲಾಪೆಟ್ಟಿಗೆಯ ತಳಕ್ಕೆ ಹಾಕಿದೆ.

ಆದ್ದರಿಂದ, ಹಳೆಯ ನಾಣ್ಯ ಕೊಳ್ಳಲು ಹೊರಟವರು ನನ್ನ ಮಾತು ಕೇಳಿ. ತಕ್ಕಡಿ ಒಯ್ಯಿರಿ, ಲೆನ್ಸ್ ಒಯ್ಯಿರಿ. ಹೋಲಿಸಲು ಒಂದು ಅಸಲಿ ಬೆಳ್ಳಿ ರೂಪಾಯಿಯನ್ನೂ ಜೊತೆಗಿಟ್ಟುಕೊಳ್ಳಿ. ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಸಲಿ ನಾಣ್ಯದ ಬೆಲೆಯೂ ಹೋಗುತ್ತದೆ. ಬಂಗಲೆಯ ಗೋಡೆ ಎಂದ ತಕ್ಷಣ ಬಸ್ಸು ಹತ್ತಿ. ಬೆಲೆಯ ಪರೀಕ್ಷೆ ಮಾಡಲೇಬೇಕೆಂದಿದ್ದರೆ ನೂರು ರೂಪಾಯಿಯಿಂದ ಶುರು ಮಾಡಿ, ಒಪ್ಪಿಬಿಟ್ಟರೆ ಮರುಮಾತಾಡದೆ ಕೊಟ್ಟು ಬನ್ನಿ. ಇಷ್ಟರ ಮೇಲೂ ಖೋಟಾ ರೂಪಾಯಿ ಹೇಗಿರುತ್ತದೆಂದು ತಿಳಿಯದಿದ್ದರೆ ಹಲಸೂರಿಗೆ ಬನ್ನಿ, ನನ್ನದನ್ನು ಧಾರಾಳವಾಗಿ ತಟ್ಟಿ ನೋಡಬಹುದು. ಕುಕ್ಕರಿನ ಬೆಲೆ ಮಾತ್ರ ಯೋಚಿಸಿ ಕೇಳಿ. ಬೋರ್ಡನ್ನು ನಾನಿನ್ನೂ ಇಳಿಸಿಲ್ಲ.