ಗಚ್ಚಿಯ ಕೀಲಿಕೈ ಮತ್ತು ಹಪ್ಪಳದ ಕ್ರಾಂತಿ

ಕ್ರಾಂತಿ ಮಾಡುವುದು ಬಹಳ ಸುಲಭ. ಹಪ್ಪಳದ ಹಿಟ್ಟು ಕುಟ್ಟುವುದು ಅದಕ್ಕಿಂತ ಕಷ್ಟ. ಎರಡನ್ನೂ ಮಾಡಿದವಳು ನಾನು, ಹೇಳುವ ಅಧಿಕಾರ ನನಗಿದೆ.

ನಮ್ಮ ಯಜಮಾನರು ರೈಲ್ವೆಯಲ್ಲಿದ್ದಾಗ ಯೂನಿಯನ್ನಿನ ಕೆಂಪು ಬಾವುಟ ಹಿಡಿದವರು. ಧಾರವಾಡದ ಕಡೆಯಿಂದ ನಾಗಪುರಕ್ಕೆ ವರ್ಗವಾಗಿ ಬಂದು, ಮಹಾಲ್ ಪೇಟೆಯ, ಹಲವು ಬಿಡಾರಗಳ ಈ ಹಳೆಯ ವಾಡೆಯಲ್ಲಿ ಮನೆ ಹಿಡಿದು, ಇಲ್ಲೇ ನಿವೃತ್ತರಾದರು. ಬಾವುಟ ಕೆಳಗಿಟ್ಟರು. ಭಾಷಣ ಕೆಳಗಿಡಲಿಲ್ಲ! ದಿನಾ ಚಹಾದ ಹೊತ್ತಿಗೆ ನನಗೊಬ್ಬಳಿಗೇ ಸಭೆ.

"ಕ್ರಾಂತಿ ಯಾಕ ಆಗ್ತೈತಿ ಗೊತ್ತೇನ? ದುಡಿಯೋರು ಒಬ್ಬರು, ಒಡೆಯರು ಇನ್ನೊಬ್ಬರು. ದುಡಿಯೋ ಸಾಧನ ಎಲ್ಲಾ ಒಡೆಯನ ಕೈಯಾಗ. ಅನ್ಯಾಯ ಕುದ್ದು ಕುದ್ದು ಒಂದಿನ ಮುಚ್ಚಳ ಹಾರತೈತಿ!"

"ಮೊದಲ ಚಹಾ ಕುಡೀರಿ, ಆರತೈತಿ" ಎನ್ನುತ್ತಿದ್ದೆ.

ಈ ಬೇಸಿಗೆಯಲ್ಲಿ ನನ್ನ ಮುಚ್ಚಳವೇ ಹಾರಿತು.

ನಮ್ಮ ವಾಡೆಗೆ ಮೇಲೆ ಒಂದೇ ಗಚ್ಚಿ, ಅಂದರೆ ತಾರಸಿ. ಅದರ ಬಾಗಿಲಿನ ಕೀಲಿಕೈ ಮೇಲ್ಮಹಡಿಯ ಕುಸುಮತಾಯಿಯ ಸೊಂಟದಲ್ಲಿ. ನಾಗಪುರದ ಬಿಸಿಲು ದೇವರು ಪುಕ್ಕಟೆ ಕೊಟ್ಟದ್ದು. ಆದರೆ ಅದು ನಮಗೆ ಸಿಗಬೇಕಾದರೆ ವಾಡೆಯ ಹೆಂಗಸರೆಲ್ಲ ಮೊದಲು ಕುಸುಮತಾಯಿಯ ಹಪ್ಪಳ ಲಟ್ಟಿಸಿ ಕೊಡಬೇಕು. ಅವು ಒಣಗಿ ಡಬ್ಬಿ ಸೇರಿದ ಮೇಲೆ ನಮ್ಮ ಸರದಿ. ಅಷ್ಟರಲ್ಲಿ ಮೋಡ! ಹೋದ ವರ್ಷ ನನ್ನ ಹಪ್ಪಳವೆಲ್ಲ ಬೂಷ್ಟು ಹಿಡಿದವು. ನಮ್ಮ ಯಜಮಾನರಿಗೆ ಹಪ್ಪಳವಿಲ್ಲದೆ ತುತ್ತು ಇಳಿಯದು. ವರ್ಷವಿಡೀ ತಟ್ಟೆಯ ಅಂಚು ನೋಡಿ ನಿಟ್ಟುಸಿರು ಬಿಟ್ಟರು. ಈ ಸಲ ನನ್ನ ಹಪ್ಪಳ ಒಣಗಲೇಬೇಕಿತ್ತು.

"ಏನ್ರಿ, ಗಚ್ಚಿ ಅನ್ನೋದು ದುಡಿಯೋ ಸಾಧನ ಹೌದಲ್ರಿ?" ಎಂದು ಕೇಳಿದೆ.

ಅವರು ಚಹಾದ ಕಪ್ಪು ಬಿಟ್ಟು ಎದ್ದು ನಿಂತರು. "ಬರೋಬರ್! ಇಷ್ಟು ವರ್ಷ ನಾ ಹೇಳಿದ್ದು ಇವತ್ತ ನಿನ್ನ ತಲ್ಯಾಗ ಇಳೀತ ನೋಡು!"

ಮರುದಿನವೇ ಹೆಂಗಸರೆಲ್ಲ ಲಟ್ಟಣಿಗೆ ಹಿಡಿದು ಮೆಟ್ಟಿಲ ಮೇಲೆ ಕೂತೆವು. ಗಚ್ಚಿ ಯಾರದು ಎಂದು ನಾನು ಮರಾಠಿಯಲ್ಲಿ ಕೂಗಬೇಕು, ನಮ್ಮದು ಎಂದು ಅವರು ಕೂಗಬೇಕು.

"ಗಚ್ಚಿ ಕೋಣಾಚಿ?"

"ಆಮಚಿ!"

ರಕ್ತಪಾತವಾದರೂ ಆಗಲಿ ಎಂದು ನಾನು ಸಿದ್ಧಳಾಗಿದ್ದೆ. ಕುಸುಮತಾಯಿ ಬಾಗಿಲು ತೆರೆದಳು, ಸೊಂಟದಿಂದ ಕೀಲಿಕೈ ತೆಗೆದಳು. "ಘ್ಯಾ ಆಜಿ, ಘ್ಯಾ! ಮಲಾ ಪಣ ಕಂಟಾಳಾ ಆಲಾ!" ತಗೊಳ್ಳಿ ಅಜ್ಜಿ, ನನಗೂ ಬೇಸರ ಬಂದಿದೆ, ಎಂದು ನನ್ನ ಕೈಗಿಟ್ಟು ಒಳಗೆ ಹೋದಳು. ಕ್ರಾಂತಿ ಮುಗಿಯಿತು! ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಇನ್ನು ಮುಂದೆ ಕೀಲಿಕೈ ಜನರದು. ಜನರ ಪರವಾಗಿ ನನ್ನ ಸೊಂಟದಲ್ಲಿತ್ತು. ಒಳ್ಳೆಯ ಬಿಸಿಲಿನ ಮೂಲೆಯೂ ಜನರದೇ. ಅದನ್ನು ಯಾರೂ ಕಬಳಿಸಬಾರದೆಂದು ನಾನೇ ನನ್ನ ಹಪ್ಪಳ ಹಾಕಿ ಕಾಪಾಡಿದೆ!

ಆಮೇಲೆ ಸಮಾನತೆ ತಂದೆ. ನನ್ನ ಹಪ್ಪಳ, ನಿನ್ನ ಹಪ್ಪಳ ಎಂಬ ಭೇದ ಬೇಡ. ಕುಸುಮತಾಯಿಯದೂ ಸೇರಿ ಒಣಗಿದ್ದನ್ನೆಲ್ಲ ಒಟ್ಟು ಸುರಿಯುವುದು, ಮನೆಗೊಂದು ಡಬ್ಬಿಯಂತೆ ಹಂಚುವುದು.

ಕೆಳಗಿನ ಮನೆಯ ಶಾಂತಾಬಾಯಿ, ವಿಜಯಪುರದ ಕಡೆಯವಳು, ತಕರಾರು ತೆಗೆದಳು. "ಅಜ್ಜಿ, ನನ್ನ ಆಲೂಗಡ್ಡಿ ಹಪ್ಪಳ ಉಪಾಸಕ್ಕ ಮಾಡಿದ್ದವ. ಎದುರು ಮನಿಯಾಕಿ ಆಲೂ ಹಪ್ಪಳಕ್ಕ ಬಳ್ಳೊಳ್ಳಿ ಹಾಕ್ಯಾಳ. ನೋಡಾಕ ಎರಡೂ ಒಂದ ಥರಾ ಅದಾವ್ರಿ!"

"ಒಂದ ಥರಾ ಇರೋದ ಸಮಾನತೆ. ಸುಮ್ಮನ ಕೂಡು" ಎಂದೆ.

ಮೊದಲು ತಂತಮ್ಮ ಹಪ್ಪಳವನ್ನು ತಾವೇ ಕಾಯುತ್ತಿದ್ದ ಹೆಂಗಸರು ಈಗ ಒಳಗೆ ಫ್ಯಾನಿನ ಕೆಳಗೆ ಮಲಗಿದರು. ಎಲ್ಲರದೂ ಅಂದ ಮೇಲೆ ಯಾರಾದರೂ ಕಾಯುತ್ತಾರೆ ಬಿಡು ಎಂಬ ಧೈರ್ಯ. ಕೊನೆಗೆ ಯಜಮಾನರ ಕೈಗೆ ಕೊಡೆ ಕೊಟ್ಟು ಮೇಲೆ ಕೂರಿಸಿದೆ. ಹೋಗಿ ನೋಡಿದರೆ ಅವರು ಗೊರಕೆ ಹೊಡೆಯುತ್ತಿದ್ದಾರೆ, ಕಾಗೆಗಳು ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಿವೆ!

"ಕಾಗಿ ತಿನ್ನಾಕತ್ತಾವಲ್ರೀ!"

ಕಣ್ಣು ಬಿಡದೆಯೇ ಅಂದರು, "ಎಲ್ಲಾರದೂ ಅಂದ್ರ ಕಾಗೀದೂ ಹೌದಲ್ಲ?"

ಉಳಿದದ್ದನ್ನು ಹಂಚಿದೆ. ಏಕಾದಶಿ ಬಂತು. ಶಾಂತಾಬಾಯಿ ದೇವರಿಗೆ ಕೈ ಮುಗಿದು, ಹಪ್ಪಳ ಕರಿದು, ಬಾಯಿಗಿಟ್ಟಳು. ಬೆಳ್ಳುಳ್ಳಿ! ಅವಳ ಕೂಗು ಬಡಕಸ್ ಚೌಕದವರೆಗೂ ಕೇಳಿಸಿರಬೇಕು. ವರ್ಷವಿಡೀ ಮಾಡಿಟ್ಟ ಉಪವಾಸ ನನ್ನ ಸಮಾನತೆಯಲ್ಲಿ ಕೊಚ್ಚಿಹೋಯಿತು.

ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲ ಹೊರಗೆ ಗದ್ದಲ. "ಗಚ್ಚಿ ಕೋಣಾಚಿ?"

ರೂಢಿಯಾಗಿತ್ತಲ್ಲ, ಒಳಗಿನಿಂದ ನಾನೇ "ಆಮಚಿ!" ಎಂದು ಕೂಗಿಬಿಟ್ಟೆ. ಹೊರಗೆ ಬಂದು ನೋಡಿದರೆ ಅದೇ ಹೆಂಗಸರು, ಅದೇ ಲಟ್ಟಣಿಗೆ, ಮುಂದೆ ಶಾಂತಾಬಾಯಿ.

"ಅಜ್ಜಿ, ಜಲ್ದಿ ಕೀಲಿಕೈ ತಗೀರಿ. ಕುಸುಮತಾಯಿ ದುಡಿಸ್ಕೊಂಡ್ರೂ ಉಪಾಸ ಕೆಡಿಸಿದ್ದಿಲ್ಲ!"

ಕೀಲಿಕೈ ತೆಗೆದು ಕೊಟ್ಟೆ. ಗದ್ದಲಕ್ಕೆ ಕೆಳಗಿಳಿದು ಬಂದಿದ್ದ ಕುಸುಮತಾಯಿ ಬೇಡ ಬೇಡ ಎನ್ನುತ್ತಲೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂದು ಊಟಕ್ಕೆ ಕೂತಾಗ ನಮ್ಮ ಪಾಲಿನ ಡಬ್ಬಿಯಿಂದ ಹಪ್ಪಳ ಕರಿದು ಬಡಿಸಿದೆ. ಬಿಸಿಲಿನ ಮೂಲೆಯಲ್ಲಿ ಹಾಕಿದ್ದ ನನ್ನವು ಕಾಗೆಯ ಹೊಟ್ಟೆಗೋ ಯಾರ ಡಬ್ಬಿಗೋ ಹೋಗಿದ್ದವು. ಇದರಲ್ಲಿ ಒಂದೂ ಇರಲಿಲ್ಲ. ಯಜಮಾನರು ಕರುಂ ಎಂದು ಕಡಿದರು, ಕಣ್ಣು ಮುಚ್ಚಿದರು.

"ಆಹಾ! ಈ ವರ್ಷ ನಿನ್ನ ಕೈ ಭಾರಿ ಕುದುರೇತಿ. ಲಗ್ನ ಆದಾಗಿಂದ ಇಂಥಾ ಹಪ್ಪಳ ತಿಂದಿದ್ದಿಲ್ಲ ನೋಡು!"

ಆ ಮೆಣಸಿನ ತರಿ ನನಗೆ ಗೊತ್ತು, ವರ್ಷ ವರ್ಷ ಲಟ್ಟಿಸಿಕೊಟ್ಟವಳು ನಾನೇ ಅಲ್ಲವೇ. ಅವು ಕುಸುಮತಾಯಿಯ ಹಪ್ಪಳ!

ಬರುವ ಬೇಸಿಗೆಗೆ ಅವಳ ಮನೆಗೆ ಲಟ್ಟಿಸಲು ಎಲ್ಲರಿಗಿಂತ ಮೊದಲು ನಾನೇ ಹೋಗುತ್ತೇನೆ. ಹಿಟ್ಟಿಗೆ ಏನು ಹಾಕುತ್ತಾಳೋ ನೋಡಬೇಕು.