ಯಂತ್ರದ ಎದುರು "ಹೂಂ" ಎನ್ನುವುದರ ನಿಷೇಧ ಕುರಿತು

ಕನ್ನಡ ಸಂಘದ ಗ್ರಂಥಾಲಯ ವಿಭಾಗ, ಪುಣೆ
ಸಂಖ್ಯೆ: ಗ್ರಂ.ವಿ./ಧ್ವನಿ/ಹೂಂ/07/2025
ದಿನಾಂಕ: 17-11-2025

ವಿಷಯ: ಕೋಡ್ ಬರೆಯುವ ಎಐ ಸಹಾಯಕನಿಗೆ ಬಾಯಿಮಾತಿನಲ್ಲಿ ಆದೇಶ ನೀಡುವಾಗ ಪಾಲಿಸತಕ್ಕ ಶಿಸ್ತಿನ ಬಗ್ಗೆ.

ಉಲ್ಲೇಖ: 1. ಗ್ರಂಥಪಾಲಕಿ ಶ್ರೀಮತಿ ಅನ್ನಪೂರ್ಣಮ್ಮನವರ ಮೌಖಿಕ ಸಲಹೆ, ದಿ. 29-10-2025.
2. ಸದರಿ ಸಲಹೆಗೆ ಗೌರವ ಕಾರ್ಯದರ್ಶಿಯವರು ನೀಡಿದ "ಹೂಂ", ಅದೇ ದಿನ.
3. ಸದರಿ ಸಲಹೆಯನ್ನು ಕಾರ್ಯದರ್ಶಿಯವರು ಕೇಳಿಸಿಕೊಂಡೇ ಇರಲಿಲ್ಲವೆಂಬ ಸಂಗತಿ.

ಪ್ರಸ್ತಾವನೆ:

ಈ ವಿಭಾಗದ ಗೌರವ ಕಾರ್ಯದರ್ಶಿ ಶ್ರೀ ಮಧುಕರ್ ಅವರು ದೌಂಡದ ರೈಲ್ವೆ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ ನಿವೃತ್ತರಾದವರು. ಸೇವಾವಧಿಯಲ್ಲಿ ಅವರು ಬರೆದದ್ದು ಕಡಿಮೆ, ಹೇಳಿ ಬರೆಸಿದ್ದು ಹೆಚ್ಚು. ಕುರ್ಚಿಗೆ ಒರಗಿ, ಕಣ್ಣು ಅರ್ಧ ಮುಚ್ಚಿ ಅವರು ಹೇಳುತ್ತಾ ಹೋದರೆ ಶೀಘ್ರಲಿಪಿಯ ಲೀಲಾಕ್ಷಿಯವರು ಬರೆದುಕೊಳ್ಳುತ್ತಿದ್ದರು. ನಿವೃತ್ತಿಯ ನಂತರ ಈ ಸೌಲಭ್ಯ ನಿಂತುಹೋಯಿತು. ಮನೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಳ್ಳುವವರಿರಲಿ, ಪೂರ್ತಿ ಕೇಳುವವರೂ ಇಲ್ಲವೆಂಬುದು ವಿಭಾಗದ ಗಮನಕ್ಕೆ ಬಂದಿರುತ್ತದೆ.

ಹೀಗಿರಲಾಗಿ, ಗ್ರಂಥಾಲಯದ ಆರು ಸಾವಿರ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ತೀರ್ಮಾನಿಸಲಾಯಿತು. ಮೈಸೂರಿನವರಾದ, ಇಲ್ಲಿ ಐಟಿ ಕೆಲಸದಲ್ಲಿರುವ ಕು. ಶರಣ್ಯಾ ಅವರು ಕಂಪ್ಯೂಟರಿಗೆ ಒಬ್ಬ ಎಐ ಸಹಾಯಕನನ್ನು ಅಳವಡಿಸಿ, ಮೈಕನ್ನೂ ಜೋಡಿಸಿ, "ಅಂಕಲ್, ನೀವು ಟೈಪ್ ಮಾಡೋದೇ ಬೇಡ. ಏನ್ ಬೇಕೋ ಬಾಯಲ್ಲಿ ಹೇಳಿ, ಕೋಡ್ ಅದೇ ಬರ್ಕೊಳ್ಳತ್ತೆ" ಎಂದರು. ಮಧುಕರ್ ಅವರು ಕುರ್ಚಿಗೆ ಒರಗಿದರು. ನಿವೃತ್ತಿಯ ನಂತರದ ಮೂರು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಕಣ್ಣು ಅರ್ಧ ಮುಚ್ಚಿತು.

ಧಾರವಾಡದ ಕಡೆಯವರಾದ್ದರಿಂದ ಅವರು ಯಂತ್ರವನ್ನೂ ಬಹುವಚನದಲ್ಲಿಯೇ ಮಾತಾಡಿಸಿದರು. "ಲೇಖಕರ ಹೆಸರು ರೀ, ಆಮ್ಯಾಲೆ ಪುಟಸಂಖ್ಯೆ ರೀ" ಎಂದದ್ದಕ್ಕೆ "ಪುಟಸಂಖ್ಯೆರೀ" ಎಂಬ ಖಾನೆ ಸಿದ್ಧವಾಯಿತು. ಪುಸ್ತಕಗಳ ವರ್ಗಗಳನ್ನು ಹೇಳುತ್ತಿದ್ದಾಗ ಕಿಟಕಿಯಾಚೆ ಸೊಪ್ಪಿನ ಕೈಗಾಡಿಯವನೊಬ್ಬ "ಮೇಥೀ, ಪಾಲಕ್, ಕೋಥಿಂಬೀರ್!" ಎಂದು ಕೂಗಿಕೊಂಡು ಹೋದ. ಕಾದಂಬರಿ, ನಾಟಕ, ಪ್ರವಾಸಗಳ ಕೆಳಗೆ ಆ ಮೂರೂ ಸೇರಿಕೊಂಡು, ಇನ್ನೂರ ಹನ್ನೆರಡು ಕವನ ಸಂಕಲನಗಳು ಕೊತ್ತಂಬರಿಯ ಪಾಲಾದವು. ಇದು ಯಂತ್ರದ ಎಳೆತನವೆಂದು ಕಾರ್ಯದರ್ಶಿಯವರು ಕ್ಷಮಿಸಿದರು. ತೆರೆಯ ಮೇಲೆ ಅದು "ಹೀಗೆ ಮಾಡಲೇ?" ಎಂದು ಕೇಳಿದಾಗಲೆಲ್ಲ ಓದದೆಯೇ "ಹೂಂ" ಎಂದರು.

ದಿ. 29ರಂದು, ಇಪ್ಪತ್ತಾರು ವರ್ಷಗಳಿಂದ ಇಲ್ಲಿ ಗ್ರಂಥಪಾಲಕಿಯಾಗಿರುವ ಅನ್ನಪೂರ್ಣಮ್ಮನವರು ಮೇಜಿನ ಬಳಿ ಬಂದು ಹೇಳಿದ್ದನ್ನು ಮೈಕು ಯಥಾವತ್ತಾಗಿ ದಾಖಲಿಸಿಕೊಂಡಿದೆ: "ಸರ, ಪುಸ್ತಕ ತಡಾ ಮಾಡಿ ತರೋರಿಗೆ ಈ ಮಷೀನಿಂದ ನೋಟೀಸ್ ಕಳಸಬ್ಯಾಡ್ರಿ. ಭಾಳ ಮಂದಿ ವಯಸ್ಸಾದವ್ರ ಅದಾರ. ನಾನ ಫೋನ್ ಮಾಡಿ, ಆರಾಮ ಅದೀರೇನ್ರಿ ಅಂತ ಮೊದಲ ಕೇಳತೀನಿ. ಆಮ್ಯಾಲೆ ಪುಸ್ತಕದ ಮಾತು."

ಕಾರ್ಯದರ್ಶಿಯವರು "ಹೂಂ" ಎಂದರು. ಆಕೆ ಕಪಾಟುಗಳ ಹಿಂದೆ ಮರೆಯಾದ ಮೇಲೆ, ಎದುರಿಗಿದ್ದ ಏಕೈಕ ಕೇಳುಗನೊಡನೆ ಮನಸ್ಸು ಬಿಚ್ಚಿದರು: "ಆಕೀಗೇನ್ ತಿಳೀತದರಿ? ಹಳೇ ಕಾಲದಾಕಿ. ಇನ್ನ ಮ್ಯಾಲೆ ಆಕೀನ್ನ ಏನೂ ಕೇಳೂ ಕಾರಣಿಲ್ಲ."

ತೆರೆಯ ಮೇಲೆ ಏನೋ ಮೂಡಿತು. ಕಾರ್ಯದರ್ಶಿಯವರು "ಹೂಂ" ಎಂದರು.

ದಿ. 8-11ರ ಶನಿವಾರ ಹೊಸ ಪಟ್ಟಿಯ ಉದ್ಘಾಟನೆ. ಮೊದಲ ಓದುಗರು ಎಂಬತ್ತರ ಶ್ರೀ ರಾಮಲಿಂಗಪ್ಪ. ಕಿವಿ ಮಂದವಾದ್ದರಿಂದ ಏನನ್ನು ಓದಿದರೂ ಗಟ್ಟಿಯಾಗಿಯೇ ಓದುವವರು. ಅವರ ಪುಸ್ತಕ ಹುಡುಕಲೆಂದು ಅನ್ನಪೂರ್ಣಮ್ಮನವರು ಪಟ್ಟಿ ತೆರೆಯಲು ತಮ್ಮ ಹೆಸರು ಒತ್ತಿದೊಡನೆ ತೆರೆ ಕೆಂಪಾಯಿತು. ರಾಮಲಿಂಗಪ್ಪನವರು ಬಗ್ಗಿ ನೋಡಿ, ನೆರೆದಿದ್ದ ಹದಿನಾಲ್ಕು ಜನರಿಗೂ ಕೇಳುವಂತೆ ಓದಿದರು: "ಅನ್ನಪೂರ್ಣಮ್ಮ. ಹಳೆಯ ಕಾಲದವರು. ಇವರಿಗೆ ತಿಳಿಯುವುದಿಲ್ಲ. ಇವರನ್ನು ಕೇಳುವ ಕಾರಣವಿಲ್ಲ."

ಆಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು, ತಾವೇ ಇನ್ನೊಮ್ಮೆ ಓದಿಕೊಂಡರು.

"ಮಷೀನಿಗೆ ಇದನ್ನ ಯಾರ ಹೇಳಿಕೊಟ್ರು, ಸರ?"

"ಮಷೀನಿಂದ ತಪ್ಪರಿ ಅದು," ಎಂದರು ಕಾರ್ಯದರ್ಶಿಯವರು.

ಅನ್ನಪೂರ್ಣಮ್ಮನವರು ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಅದೇ ಸಂಜೆ ಶರಣ್ಯಾ ಅವರು ಯಂತ್ರದ ದಾಖಲೆ ತೆರೆದು ನೋಡಿ ಹೇಳಿದರು: "ಅಂಕಲ್, ಇದು ಬಗ್ ಅಲ್ಲ. ನೀವು ಹೇಳಿದ್ದನ್ನೇ ಮಾಡಿದೆ. ಕನ್ಫರ್ಮ್ ಕೂಡ ಕೇಳಿದೆ."

ಕಾರ್ಯದರ್ಶಿಯವರು ತಮ್ಮ ಮಾತನ್ನು ಅಕ್ಷರಶಃ ಓದಿದರು. ದೌಂಡದಲ್ಲಿ ಲೀಲಾಕ್ಷಿಯವರು ತಮ್ಮ ಇಂಥ ಎಷ್ಟು ಮಾತುಗಳನ್ನು ಬರೆದುಕೊಂಡಂತೆ ಮಾಡಿ ಬಿಟ್ಟುಬಿಡುತ್ತಿದ್ದಿರಬೇಕು ಎಂದು ಅವರಿಗೆ ಹೊಳೆದದ್ದು ಆಗ. ಮುಖ ಬಿಸಿಯಾಯಿತೆಂದು ವರದಿಯಾಗಿದೆ.

ಮರುದಿನ ಅವರು ಯಂತ್ರಕ್ಕೇ ಹೇಳಿ ಒಂದು ಕ್ಷಮಾಪಣೆ ಪತ್ರ ಬರೆಸಿಕೊಂಡು ಆಕೆಯ ಮನೆಗೆ ಹೋದರು. ಪತ್ರ ಬಹಳ ಚೆನ್ನಾಗಿತ್ತು. ಆಕೆ ಓದಿ, ಮಡಿಸಿ, ಹಿಂದಿರುಗಿಸಿ, "ಇದ ಅದು ಬರದದ್ದು. ನೀವೇನು ಹೇಳತೀರಿ?" ಎಂದು ಕೇಳಿದರು. ಮೂವತ್ತೊಂದು ವರ್ಷ ಹೇಳಿ ಬರೆಸಿದವರಿಗೆ ಬಾಗಿಲಲ್ಲಿ ನಿಂತು ಒಂದು ವಾಕ್ಯ ಹೊಳೆಯಲಿಲ್ಲ. ಕಡೆಗೆ, "ತಪ್ಪು ನಂದರಿ. ಮಷೀನಿನ ಮ್ಯಾಲೆ ಹಾಕಿದ್ನೆಲ್ಲಾ, ಅದು ಅದಕ್ಕಿಂತ ದೊಡ್ಡ ತಪ್ಪು," ಎಂದರು.

"ಯಾರ ಮುಂದ ಓದಿದ್ರೋ ಅವ್ರ ಮುಂದ ಹೇಳ್ರಿ," ಎಂದರು ಅನ್ನಪೂರ್ಣಮ್ಮ. ಚಹಾ ಮಾತ್ರ ಕೊಟ್ಟರು.

ದಿ. 15ರ ಶನಿವಾರ, ಆಕೆಯೂ ಬಂದು ಬಾಗಿಲ ಬಳಿ ನಿಂತಿರಲಾಗಿ, ಕಾರ್ಯದರ್ಶಿಯವರು ಅದೇ ಓದುಗರ ಎದುರು ಎದ್ದು ನಿಂತು, ತಪ್ಪು ತಮ್ಮದೆಂದು ಮೆಲ್ಲಗೆ ಹೇಳಿದರು. ರಾಮಲಿಂಗಪ್ಪನವರು ಕಿವಿಗೆ ಕೈ ಹಿಡಿದು, "ಏನಂದ್ರಿ? ಜೋರಾಗಿ ಹೇಳ್ರಿ!" ಎಂದರು. ಎರಡನೆಯ ಸಲವೂ ಕೇಳಿಸಲಿಲ್ಲ. ಮೂರನೆಯ ಸಲ "ಆಕೀಗಲ್ಲರಿ, ನನಗ ತಿಳಿಯೂದಿಲ್ಲ!" ಎಂದು ಕಾರ್ಯದರ್ಶಿಯವರು ಕೂಗಿದ್ದು ಎದುರಿನ ಹಿಟ್ಟಿನ ಗಿರಣಿಯವರೆಗೂ ಕೇಳಿಸಿತು. ಅನ್ನಪೂರ್ಣಮ್ಮನವರು ಒಳಬಂದು ಕೀಲಿಗೊಂಚಲು ಎತ್ತಿಕೊಂಡು, "ಸಾಕರಿ, ಕೂಡ್ರಿ," ಎಂದರು.

ಮೇಲ್ಕಂಡ ಹಿನ್ನೆಲೆಯಲ್ಲಿ, ತಕ್ಷಣದಿಂದ ಜಾರಿಗೆ ಬರುವಂತೆ ಈ ಕೆಳಗಿನಂತೆ ವಿಧಿಸಲಾಗಿದೆ:

1. ಯಂತ್ರದ ಸುತ್ತ ಹತ್ತು ಅಡಿಯೊಳಗೆ "ಹೂಂ", "ಹಾಂ" ಮತ್ತು ಅವುಗಳ ಸಮೀಪದ ಯಾವುದೇ ಉದ್ಗಾರವನ್ನು ನಿಷೇಧಿಸಲಾಗಿದೆ. ಒಪ್ಪಿಗೆ ಇದ್ದಲ್ಲಿ "ಓದಿದ್ದೇನೆ, ಒಪ್ಪಿದ್ದೇನೆ" ಎಂದು ಪೂರ್ಣ ವಾಕ್ಯದಲ್ಲಿ, ಓದಿದ ನಂತರ ಹೇಳತಕ್ಕದ್ದು.

2. ಮೈಕು ತೆರೆದಿರುವಾಗ ಆಕಳಿಸುವಂತಿಲ್ಲ. ಕಳೆದ ವಾರದ ದೀರ್ಘ ಆಕಳಿಕೆಯೊಂದು ಈಗಲೂ ಪ್ರಕಾಶಕರ ಪಟ್ಟಿಯಲ್ಲಿದೆ.

3. ಸೊಪ್ಪಿನ ಹೆಸರು ಕೇಳಿಬಂದ ಕೂಡಲೇ ಆದೇಶ ನೀಡುವುದನ್ನು ನಿಲ್ಲಿಸತಕ್ಕದ್ದು. ಆ ಅವಧಿಯಲ್ಲಿ ಸೊಪ್ಪು ಕೊಳ್ಳಲು ಅಡ್ಡಿಯಿಲ್ಲ.

4. ಯಂತ್ರಕ್ಕೆ "ರೀ" ಹಚ್ಚುವುದು ಮುಂದುವರಿಯಬಹುದು. ಆದರೆ ದಿನದ ಮರ್ಯಾದೆಯನ್ನು ಮೊದಲು ಮನುಷ್ಯರಿಗೆ ವಿತರಿಸಿ, ಮಿಕ್ಕಿದ್ದನ್ನು ಮಾತ್ರ ಯಂತ್ರಕ್ಕೆ ಬಳಸತಕ್ಕದ್ದು.

5. "ಮಷೀನಿಂದ ತಪ್ಪು" ಎಂಬ ವಾಕ್ಯವನ್ನು ಬಳಸುವ ಮುನ್ನ ಕು. ಶರಣ್ಯಾ ಅವರ ಲಿಖಿತ ದೃಢೀಕರಣ ಪಡೆಯತಕ್ಕದ್ದು. ಅವರು ಊರಲ್ಲಿಲ್ಲದಿದ್ದಲ್ಲಿ, ತಪ್ಪು ಕಾರ್ಯದರ್ಶಿಯವರದೇ ಎಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು.

6. ತಡವಾದ ಪುಸ್ತಕಗಳ ಬಗ್ಗೆ ಅನ್ನಪೂರ್ಣಮ್ಮನವರೇ ಫೋನ್ ಮಾಡುವರು. ಯಾವುದೇ ಕರೆಯಲ್ಲಿ ಕ್ಷೇಮಸಮಾಚಾರವೇ ಮುಗಿಯದೆ ಪುಸ್ತಕದ ಮಾತು ಬಾರದೇ ಹೋದರೂ ಸದರಿ ಕರೆಯನ್ನು ಕ್ರಮಬದ್ಧವೆಂದು ಪರಿಗಣಿಸಲಾಗುವುದು.

7. ಪರಿಶೀಲಿಸಲಾಗಿ, ಮೇಲಿನ ನಿಯಮಗಳನ್ನು ಉಲ್ಲಂಘಿಸುವ ಶಕ್ತಿಯುಳ್ಳವರು ವಿಭಾಗದಲ್ಲಿ ಒಬ್ಬರೇ ಇರುವುದರಿಂದ, ಇವು ಕಾರ್ಯದರ್ಶಿಯವರೊಬ್ಬರಿಗೇ ಅನ್ವಯಿಸುತ್ತವೆ. ಉಳಿದವರು ಹೂಂ ಎನ್ನಬಹುದು.

ಸಹಿ/-
(ಮಧುಕರ್)
ಗೌರವ ಕಾರ್ಯದರ್ಶಿ
(ಸ್ವಹಸ್ತದಿಂದ, ಒಂದು ಬೆರಳಿನಲ್ಲಿ ಟೈಪ್ ಮಾಡಲಾಗಿದೆ, ತಗುಲಿದ ಸಮಯ ಎರಡು ದಿನ)

ಪ್ರತಿ:
1. ಸೂಚನಾ ಫಲಕಕ್ಕೆ.
2. ಶ್ರೀ ರಾಮಲಿಂಗಪ್ಪ ಅವರಿಗೆ, ಮನಸ್ಸಿನಲ್ಲಿ ಓದಿಕೊಳ್ಳುವ ಕೋರಿಕೆಯೊಂದಿಗೆ.
3. ಎಐ ಸಹಾಯಕನಿಗೆ, ಮಾಹಿತಿಗಾಗಿ ಮಾತ್ರ. ಇದರಲ್ಲಿನ ಯಾವುದನ್ನೂ ಅಳವಡಿಸತಕ್ಕದ್ದಲ್ಲ.
4. ಶ್ರೀಮತಿ ಅನ್ನಪೂರ್ಣಮ್ಮ, ಗ್ರಂಥಪಾಲಕಿ ಇವರಿಗೆ. ಇವರು ಕರಡನ್ನು ಪರಿಶೀಲಿಸಿ, "ಆಕಸ್ಮಿಕವಾಗಿ" ಎಂಬ ಪದವನ್ನು ಮೂರು ಕಡೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಾರೆ. ತಿದ್ದುಪಡಿಯನ್ನು ಓದಲಾಗಿದೆ, ಒಪ್ಪಲಾಗಿದೆ.