ಮೋಡ ಕಾಯುವ ಮೈದುನ

ಊರಿನವರೆಲ್ಲ ಮೋಡ ಕಂಡರೆ ಕೈ ಮುಗಿಯುತ್ತಾರೆ. ನಮ್ಮ ಮೈದುನನೊಬ್ಬ ಮಾತ್ರ ಬೈಯುತ್ತಾನೆ. ತೊಗರಿ ಬಿತ್ತಿದವನು ಮೋಡಕ್ಕೆ ಬೈದರೆ ಹೇಗಪ್ಪ ಎಂದು ಕೇಳಿ ನೋಡಿರಿ, ಮಳೆ ಬೇಕಂತೆ, ಮೋಡ ಬೇಡವಂತೆ! ಇಂಥ ಜಾಣನನ್ನು ನಮ್ಮ ಅತ್ತೆ ಹೆತ್ತರು, ಸಾಕುವುದು ನನ್ನ ಪಾಲಿಗೆ ಬಂತು. ಮದುವೆ ಮಾಡಿಕೊಳ್ಳಲಿಲ್ಲ, ಯಾವುದೋ ಹೆಣ್ಣಿನ ಪುಣ್ಯ.

ನಾನು ಹೆಚ್ಚು ಸಾಲಿ ಕಲಿತವಳಲ್ಲ. ಕರೆಂಟಿನ ವಿಷಯ ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲು ನಮ್ಮ ನರೋಣಾ ಕಡೆ ಬಾವಿಯ ಮೋಟರಿಗೆ ಕರೆಂಟು ರಾತ್ರಿ ಬರುತ್ತಿತ್ತು. ಯಾವಾಗ ಬರುತ್ತೇನೆಂದು ಆ ಕರೆಂಟಿಗೇ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಮೋಟರಿಗೆ ಆಟೋ ಹಾಕಿಸಿದರು. ಕರೆಂಟು ಬಂದ ಕೂಡಲೇ ಮೋಟರು ತಾನೇ ಎದ್ದು ಓಡುತ್ತದೆ. ಮೋಟರು ತಾನೇ ಎದ್ದರೂ ನೀರು ತಾನೇ ಮಡಿಗೆ ತಿರುಗುತ್ತದೆಯೇ? ಗಂಡಸರು ಬ್ಯಾಟರಿ ಹಿಡಿದು, ಹಾವಿಗೆ ಕೋಲು ಬಡಿಯುತ್ತ ಉಳ್ಳಾಗಡ್ಡಿಗೆ ನೀರು ಬಿಡಲು ಹೋಗುತ್ತಿದ್ದರು.

ಈಗ ಊರ ಹೊರಗೆ ಬಿಸಿಲಿನಿಂದ ಕರೆಂಟು ಮಾಡುವ ಪ್ಲೇಟು ಹಾಸಿದ್ದಾರೆ. ಹಗಲು ಕರೆಂಟು. ಬಿಸಿಲಿಗೇನು ಬರವೇ ನಮ್ಮಲ್ಲಿ? ಆದರೆ ಮೋಡ ಅಡ್ಡ ಬಂದರೆ ಆ ಕರೆಂಟಿನ ಜೀವ ಅರ್ಧ ಆಗುತ್ತದೆ. ಎಲ್ಲರ ಮೋಟರೂ ಒಟ್ಟಿಗೆ ಎಳೆದು ಲೈನ್ ಬೀಳುತ್ತದೆ, ಎಲ್ಲರ ಕರೆಂಟೂ ಹೋಗುತ್ತದೆ. ಮೋಡ ಸರಿದು ಕರೆಂಟು ಬಂದರೆ, ಆಟೋ ಹಾಕಿದ ಮೋಟರುಗಳೆಲ್ಲ ಒಮ್ಮೆಲೇ ಏಳುತ್ತವೆ, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ನುಗ್ಗಿದ ಹಾಗೆ! ಮತ್ತೆ ಬೀಳುತ್ತದೆ.

ಹೀಗೇ ಬೀಳುತ್ತಿದ್ದರೆ ಮತ್ತೆ ರಾತ್ರಿ ಪಾಳಿಯೇ ಗತಿ ಎಂದು ಲೈನ್‌ಮನ್ ಬಂದು ಹೇಳಿದ. ಅಂದರೆ ತೀರಿಹೋದ ಗಂಡನ ಬ್ಯಾಟರಿಯನ್ನು ನನ್ನ ಮಗ ಹಿಡಿಯಬೇಕು. ಊರವರು ಕೇಳಿದರು, ಚಹಾ ಕುಡಿದರು, ಎದ್ದು ಹೋದರು. ಹುಚ್ಚು ಹಿಡಿದದ್ದು ಮೈದುನನಿಗೆ.

ಮಟಮಟ ಮಧ್ಯಾಹ್ನ ಕಂಡವರ ಮೋಟರ್ ಪೆಟ್ಟಿಗೆ ತೆಗೆದು ಆಟೋ ಬಂದ್ ಮಾಡುತ್ತ ಹೊರಟ. ಮೊದಲೇ ಕೇಬಲ್ ಕಳ್ಳರ ಕಾಲ. ಪಕ್ಕದ ಹೊಲದ ಮೈಬೂಬ ಹಿಂದಿನಿಂದ ಬಂದು ಅಪ್ಪಿ ಹಿಡಿದ. ತಿರುಗಿಸಿ ನೋಡಿದರೆ ಇವನು!

“ಕಾಕಾ, ಈ ವಯಸ್ಸಿನಾಗ ವಾಯರ್ ಕದಿಯಾಕತ್ತೀರೇನ್ರಿ?”

“ನಿನ್ನ ವಾಯರ್ ತಗೊಂಡು ಏನ್ ಮಾಡ್ಲಿ ಲೇ. ಆಟೋ ಬಂದ್ ಮಾಡಾಕತ್ತೇನಿ.”

“ಹಂಗಾದ್ರ ಹೊಲಾನೂ ನೀವೇ ಮಾಡ್ರಿ. ನಾ ಮನಿಗಿ ಹೋಗಿ ಮಲಗ್ತೇನಿ.”

ತಪ್ಪಿಸಿಕೊಂಡ ಎಮ್ಮೆಯನ್ನು ತಂದು ಕಟ್ಟುವಂತೆ ಮೈಬೂಬನೇ ಅವನನ್ನು ಮನೆಗೆ ತಂದು ಬಿಟ್ಟ. ನಾನು ಚಹಾ ಕೊಟ್ಟೆ. ಚಹಾದ ಬಸಿ ಕೆಳಗಿಡುವುದರೊಳಗೆ ಕಳ್ಳನೂ ಹಿಡಿದವನೂ ಒಂದಾಗಿದ್ದರು! ಮೈದುನ ಮಾಳಿಗೆ ಮೇಲೆ ಕೂತು ಮೋಡ ನೋಡಬೇಕು. ಅವನು ಕೆಂಪು ಬಟ್ಟೆ ಏರಿಸಿದರೆ ಹಳ್ಳದ ಆಚೆಯವರು ಮೋಟರ್ ಬಂದ್ ಮಾಡಬೇಕು, ಅರ್ಧ ಮೋಟರು ನಿಂತರೆ ಲೈನ್ ತಾಳುತ್ತದಂತೆ. ಇಳಿಸಿದ ಮೇಲೆ ಒಬ್ಬರ ಹಿಂದೊಬ್ಬರು ಹಚ್ಚಬೇಕು. ಅವರನ್ನೆಲ್ಲ ಒಪ್ಪಿಸುವುದು ಮೈಬೂಬನ ಪಾಲಿಗೆ. ಕೆಂಪು ಬಟ್ಟೆ ಎಲ್ಲಿಂದ ಬಂತು? ನನ್ನ ಇಳಕಲ್ ಸೀರೆಯ ಸೆರಗಿನಿಂದ!

ಒಮ್ಮೆ ಇಟ್ಟಂಗಿ ಭಟ್ಟಿಯ ಹೊಗೆಗೂ ಬಟ್ಟೆ ಏರಿಸಿದ. ಹಳ್ಳದ ಆಚೆಯವರು ಬೈದ ಬೈಗುಳ ನಮ್ಮ ಅಡುಗೆಮನೆಗೂ ಬಂತು. ಆದರೆ ಸುಳ್ಳೇಕೆ ಹೇಳಲಿ, ಲೈನ್ ಬೀಳುವುದು ನಿಂತಿತ್ತು.

ಮೊನ್ನೆ ಜ್ವರ ಬಂದು ಮಲಗಿದ. ಮಧ್ಯಾಹ್ನ ಸೊನ್ನ ಊರಿನ ಕಡೆಯಿಂದ ಕರೀ ಮೋಡ ಬಂತು. ಗೋಡೆಯ ಮೇಲಿನ ಬಿಸಿಲು ಮಾಸಿದ್ದೇ ತಡ, “ವೈನಿ, ಮ್ಯಾಲ ಯಾರದಾರ?” ಎಂದ. ಯಾರೂ ಇಲ್ಲ, ಮಲಗು ಎಂದೆ. ಗೋಡೆ ಹಿಡಿದು ಎದ್ದೇಬಿಟ್ಟ. ಅವನನ್ನು ಹಾಸಿಗೆಗೆ ನೂಕಿ, ಬೈಯುತ್ತಲೇ ನಾನು ನಿಚ್ಚಣಿಕೆ ಹತ್ತಿದೆ. ನನ್ನ ಮೊಣಕಾಲಿನ ಸುದ್ದಿ ಕೇಳಬೇಡಿರಿ. ಬಟ್ಟೆ ಏರಿಸಿ, ಅದು ಸಾಲದೆಂದು ಒಬ್ಬೊಬ್ಬರ ಹೆಸರು ಹಿಡಿದು ಒದರಿದೆ. ಬಟ್ಟೆಗೆ ನಿಲ್ಲದ ಮೋಟರುಗಳೂ ನನ್ನ ಬಾಯಿಗೆ ನಿಂತವು! ಮೋಡ ಸರಿಯಿತು. ಲೈನ್ ಬೀಳಲಿಲ್ಲ.

ಇಳಿದು ಬಂದು ಅವನ ಮುಂದೆ ಗಂಜಿ ಕುಕ್ಕಿದೆ. ಊರ ಉಸಾಬರಿಯೆಲ್ಲ ನಿನಗೇ ಯಾಕೆ ಬೇಕು ಎಂದು ಕೇಳಿದೆ.

ಅವನು ಗೋಡೆ ನೋಡುತ್ತ ಹೇಳಿದ: “ಊರ ಸಲುವಾಗಿ ಅಲ್ಲ ವೈನಿ. ಅಣ್ಣ ರಾತ್ರಿ ನೀರ ಬಿಡಾಕ ಹೋದ್ರ, ಬರೂತನಕಾ ನೀವು ಹೊಸ್ತಿಲದಾಗ ಕುಂತೇ ಇರ್ತಿದ್ರಿ. ಸಣ್ಣಾಂವಿದ್ದಾಗ ಕೌದಿಯೊಳಗಿಂದ ನೋಡ್ತಿದ್ದೆ. ಮಗ ಹೊಂಟ್ರ ಮತ್ತ ಕುಂದ್ರತೀರಿ. ಈಗ ನಿಮ್ಮ ಕೈಲೆ ಆಗೂದಿಲ್ಲ.”

ನಾನು ಒಳಗೆ ಹೋಗಿ ತುಪ್ಪದ ಗಿಂಡಿ ತಂದು ಗಂಜಿಗೆ ಸುರಿದೆ. “ಆರ್ತದ, ಕುಡಿ ಲೇ” ಎಂದೆ.

ಜ್ವರದವನಿಗೆ ತುಪ್ಪ ಹಾಕಬಾರದೆಂಬುದು ಆಮೇಲೆ ನೆನಪಾಯಿತು.